ಸ್ಪಷ್ಟನೆ: ಗಾಜು ಗೀರಿದ ಕೆಂಪು ಕಲ್ಲೆಲ್ಲ ಮಾಣಿಕ್ಯವಲ್ಲ

‘ಹೊಳೆ ಮರಳಲ್ಲಿ ಸಿಕ್ಕ ಕೆಂಪು ಕಲ್ಲು ಗಾಜನ್ನು ಗೀರಿದರೆ ಅದು ಮಾಣಿಕ್ಯವೇ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಗಾಜು ಸುಮಾರು 5.5. ಗುಲಾಬಿ ಬೆಣಚುಕಲ್ಲು 7, ಮಾಣಿಕ್ಯದಂತೆಯೇ ಕೆಂಪಾಗಿ ಕಾಣಬಲ್ಲ ಬೇರೆ ಹರಳುಗಳಾದ ಗಾರ್ನೆಟ್ 6.5ರಿಂದ 7.5, ಸ್ಪಿನೆಲ್ 8, ಮಾಣಿಕ್ಯ 9. ಇವೆಲ್ಲವೂ ಗಾಜನ್ನು ಗೀರುತ್ತವೆ.

ಮೊದಲು ಆಕಾರ ನೋಡಿ. ಮಾಣಿಕ್ಯದ ಹರಳು ಆರು ಮೂಲೆಯದು, ತುದಿ ಚಪ್ಪಟೆ. ಗಾರ್ನೆಟ್ ಹನ್ನೆರಡು ಮುಖದ ಗುಂಡು. ಸ್ಪಿನೆಲ್, ಬುಡಕ್ಕೆ ಬುಡ ಕೂಡಿಸಿದ ಎರಡು ಪಿರಮಿಡ್‌ನಂತೆ. ಹೊಳೆಯಲ್ಲಿ ಉರುಳಿ ಸವೆದಿದ್ದರೆ ತೂಕವೇ ಗತಿ. ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಮುಳುಗಿಸಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 8 ಗ್ರಾಂ ಕಲ್ಲಿಗೆ 2 ಗ್ರಾಂ ತೋರಿಸಿದರೆ ಸಾಂದ್ರತೆ 4. ಬೆಣಚುಕಲ್ಲು 2.65, ಸ್ಪಿನೆಲ್ 3.6, ಮಾಣಿಕ್ಯ 4.0. ಕಲ್ಲಿಗೆ ಅಂಟಿದ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ, ಒರೆಸಿ ತೆಗೆಯಿರಿ.

ತೊಡಕಿರುವುದು ಇಲ್ಲೇ: ಕಡುಗೆಂಪು ಗಾರ್ನೆಟ್ ಕೂಡ 4ರ ಆಸುಪಾಸಿನದು. ಕಲ್ಲನ್ನು ಥರ್ಮಾಕೋಲ್ ಚೂರಿನ ಮೇಲಿಟ್ಟು ನೀರಿನಲ್ಲಿ ತೇಲಿಬಿಟ್ಟು, ನಿಯೋಡಿಮಿಯಂ ಎಂಬ ಬಲವಾದ ಅಯಸ್ಕಾಂತ ಹತ್ತಿರ ತನ್ನಿ. ಕಬ್ಬಿಣದ ಅಂಶವಿರುವ ಗಾರ್ನೆಟ್ ಮೆಲ್ಲಗೆ ಅತ್ತ ಜರುಗುತ್ತದೆ, ಮಾಣಿಕ್ಯ ಸಾಮಾನ್ಯವಾಗಿ ಕದಲದು.

ನೇರಳಾತೀತ ಬೆಳಕಿನ ಹೊಳಪೊಂದನ್ನೇ ನಂಬಬೇಡಿ. ಕೆಂಪು ಸ್ಪಿನೆಲ್ಲೂ ಹೊಳೆಯುತ್ತದೆ. ಕಬ್ಬಿಣ ಹೆಚ್ಚಿರುವ ಮಾಣಿಕ್ಯ ಮಂಕಾಗಿಯೇ ಉಳಿಯಬಹುದು.

ಗೀರಿ ನೋಡುವುದರಿಂದ ಒಳ್ಳೆಯ ಹರಳಿನ ಅಂಚು ಮುಕ್ಕಾಗಬಹುದು. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ತಿದ್ದುಪಡಿ ಹಾಕಿ.