ಇಲ್ಲಿ ಕೂಡಬಾರದು

ಜನವರಿ 12ಕ್ಕೆ ಕಲಬುರಗಿಯ ನಮ್ಮ ಬಡಾವಣೆಯಲ್ಲಿ ಒಂದು ಸಭೆ ಆಯಿತು. ವಿವೇಕಾನಂದರ ಜಯಂತಿ, ರಾಷ್ಟ್ರೀಯ ಯುವ ದಿನ. ಹುಡುಗರನ್ನು ದಾರಿಗೆ ತರುವುದು ಹೇಗೆ ಅನ್ನುವುದು ವಿಷಯ. ಹುಡುಗರನ್ನೂ ಕರೆದಿದ್ದರು, ಕುರ್ಚಿ ಹಾಕಲು. ಹಾಕಿದ ಮೇಲೆ ಮನೆಗೆ ಕಳಿಸಿದರು.

2014ರ ರಾಷ್ಟ್ರೀಯ ಯುವ ನೀತಿಯ ಪ್ರಕಾರ 15ರಿಂದ 29 ವರ್ಷದವರು ಯುವಜನ. ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವರು ನಮ್ಮ ಯುವ ಮುಖಂಡರು. ಅವರ ಮೊಮ್ಮಗನ ಜವಳ ಹೋದ ತಿಂಗಳಷ್ಟೇ ಮುಗಿದಿದೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆ, ಶೇ 42.43. ಅದರ ಮಾತು ಬಂತು. ಮೊಬೈಲ್‌ನಿಂದ ಮಕ್ಕಳು ಹಾದಿ ತಪ್ಪಿದ್ದಾರೆ ಅಂತ ತೀರ್ಮಾನವಾಯಿತು. ನೂರಕ್ಕೆ 57 ಮಕ್ಕಳು ಒಟ್ಟಿಗೇ ಹಾದಿ ತಪ್ಪಿದರಂತೆ. ಹಾದಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಪರೀಕ್ಷೆಯ ದಿನ ಮಕ್ಕಳ ಮೇಲೆ ಕಣ್ಣಿಡಲು ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇದೆಯಲ್ಲ, ಇನ್ನೇನು ಬೇಕು? ವರ್ಷದ ಉಳಿದ ದಿನ ಅವರನ್ನು ನೋಡುವವರು ಯಾರು ಅಂತ ಕೇಳಿದರೆ ಚಹಾ ಆರಿ ಹೋಗುತ್ತದೆ.

ಈ ಮೊಬೈಲ್ ಹಿಡಿದ ಹುಡುಗ ಅದನ್ನು ಬಿಟ್ಟು ಎದ್ದ ಅಂತಲೇ ಇಟ್ಟುಕೊಳ್ಳಿ. ಎಲ್ಲಿಗೆ ಹೋಗಬೇಕು? ಲೇಔಟಿನ ನಕ್ಷೆಯಲ್ಲಿ ಆಟದ ಮೈದಾನ ಅಂತ ಹಸಿರು ಬಣ್ಣ ಬಳಿದಿದ್ದಾರೆ. ಅಲ್ಲಿ ಈಗ ಅರ್ಧ ಫಂಕ್ಷನ್ ಹಾಲು, ಇನ್ನರ್ಧ ಅದರ ಪಾರ್ಕಿಂಗು. ಪಾರ್ಕಿಗೆ ಹೋದರೆ ಬೆಳಿಗ್ಗೆ ವಾಕಿಂಗ್ ಮುಗಿದ ಕೂಡಲೇ ಬೀಗ. ಬಾಗಿಲಲ್ಲಿ ಬೋರ್ಡುಗಳ ಸಾಲು: ಚೆಂಡು ಆಡಬಾರದು, ಗದ್ದಲ ಮಾಡಬಾರದು, ಹುಲ್ಲು ತುಳಿಯಬಾರದು. ಹುಲ್ಲು ಎಲ್ಲಿದೆ ಅಂತ ಕೇಳಬಾರದು ಅನ್ನುವ ಬೋರ್ಡು ಮಾತ್ರ ಬಾಕಿ. ಒಳಗೆ ಓಪನ್ ಜಿಮ್ ಇದೆ. ಪೂರಾ ಕಬ್ಬಿಣ, ಮೇಲೆ ನೆರಳಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಊರಿನ ಬಿಸಿಲು 43 ಡಿಗ್ರಿ ಮುಟ್ಟಿದಾಗ ಅದರ ಹಿಡಿಕೆಯ ಮೇಲೆ ರೊಟ್ಟಿ ಬೇಯಿಸಬಹುದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಶುಗರ್ ಬಂದ ಮೇಲೆ ನಡೆಯಲು ಜಾಗ ಇದೆ. ಬರುವ ಮೊದಲು ಓಡಲು ಇಲ್ಲ.

ಗುಡಿ ಕಟ್ಟೆಯ ಮೇಲೆ 'ಗುಂಪಾಗಿ ಕೂಡಬಾರದು'. ನಮ್ಮೂರಿನ 'ಅಪ್ಪನ ಕೆರೆ'ಯ ದಂಡೆಗೆ ಹೋಗಿ ಕೂತರೆ 'ಎಲ್ಲೆಲ್ಲೋ ಅಲೀತಾನ'. ಮನೆಯಲ್ಲೇ ಕೂತರೆ 'ಯಾವಾಗ ನೋಡಿದ್ರೂ ಮನಿಯಾಗ'. ಹುಡುಗಿಯರಿಗಂತೂ ಬೋರ್ಡೇ ಬೇಕಿಲ್ಲ, ಸಂಜೆ ಆರಾದರೆ ಅವ್ವನ ದನಿಯೇ ಸಾಕು. ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ನಿಂತು ಸಂತೋಷದಿಂದ ಹೇಳಿದರು: "ಹೆಣ್ಮಕ್ಕಳದು ಏನೂ ಸಮಸ್ಯೆ ಇಲ್ರೀ. ಅವ್ರು ಹೊರಗ ಕಾಣ್ಸೋದೇ ಇಲ್ಲ." ಚಪ್ಪಾಳೆ ಬಿತ್ತು.

ಹೀಗಾಗಿ ಹುಡುಗರಿಗೆ ಉಳಿದದ್ದು ಶಾಲೆಯ ಎದುರಿನ ಪಾನ್‌ಶಾಪು. 2003ರ ತಂಬಾಕು ಕಾಯ್ದೆಯ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಹಾಗಂತ ಬರೆದ ಬೋರ್ಡು ಸದ್ಯ ಆ ಅಂಗಡಿಯ ತಾಡಪತ್ರಿ ಹಾರದಂತೆ ಹಿಡಿದುಕೊಂಡಿದೆ. ನಾನೊಮ್ಮೆ ಅಂಗಡಿಯ ಕಾಕಾನನ್ನು ಕೇಳಿದೆ. "ಗಜ ಅಂದ್ರ ಆನಿ ಅಲ್ಲೇನ್ರೀ? ಅಳೀಲಿಕ್ಕೆ ನೂರು ಆನಿ ಎಲ್ಲಿಂದ ತರ್ಲಿ?" ಅಂದ.

ಕಾಕಾ ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ಅವನು ಮಾರುವುದು ಏನಂತ ಎಲ್ಲರಿಗೂ ಗೊತ್ತು. ಆದರೆ ಬೆಳೆಯುವ ಮಕ್ಕಳಿಗೆ ಅಪ್ಪ-ಅವ್ವ ಬಿಟ್ಟು, ತಮ್ಮನ್ನು ವಿಚಾರಿಸುವ ಒಬ್ಬ ದೊಡ್ಡವರಾದರೂ ಬೇಕು ಅಂತ ತಿಳಿದವರು ಹೇಳುತ್ತಾರೆ. ಇಡೀ ಬಡಾವಣೆಯಲ್ಲಿ ಆ ಕೆಲಸ ಮಾಡುತ್ತಿರುವವನು ಇವನೊಬ್ಬನೇ. "ನಿನ್ನಿ ಯಾಕ ಕಾಣಲಿಲ್ಲೋ ತಮ್ಮಾ? ಗಣಿತ ಪೇಪರ್ ಹೆಂಗಾತು? ಅಪ್ಪಗ ಈಗ ಆರಾಮ ಅದ ಏನು?" ಕೂಡಲು ಒಂದು ಬೆಂಚನ್ನೂ ಹಾಕಿದ್ದಾನೆ.

ಸಭೆಯ ಠರಾವು ಹೊರಬಿತ್ತು. ಹುಡುಗರು ಪಾನ್‌ಶಾಪಿನ ಮುಂದೆ ಕೂಡಬಾರದು. ಅದಕ್ಕೊಂದು ಬೋರ್ಡು. ದಾರಿಗೆ ತರಬೇಕಾದ ಹುಡುಗರ ಪಟ್ಟಿಯನ್ನೂ ಮಾಡಬೇಕು ಅಂತಾಯಿತು. ಪಟ್ಟಿ ಬರೆಯಲು ಕೂತರೆ ಯಾರಿಗೂ ಒಬ್ಬನ ಹೆಸರೂ ಗೊತ್ತಿಲ್ಲ. 'ಆ ಉದ್ದ ಕೂದಲದವನು', 'ಆ ಬೈಕಿನವನು', ಅಷ್ಟೇ. ಕೊನೆಗೆ ಕಾರ್ಯದರ್ಶಿಗಳು ಕಾಕಾನ ಹತ್ತಿರ ಹೋಗಿ ಉದ್ರಿ ಪುಸ್ತಕ ಕೇಳಿದರು. ನಾನೂ ಜೊತೆಗಿದ್ದೆ.

ಕಾಕಾ ಒಂದೊಂದೇ ಹಾಳೆ ತಿರುವುತ್ತ ಓದಿದ. ಒಂದು ಹೆಸರಿಗೆ ಬಂದು ನಿಂತ. "ಇವ ಮೂರನೇ ಕ್ರಾಸಿನ ಹುಡುಗ. ಹತ್ತನೇತ್ತಿ ನಪಾಸಾದ. ಪುಣೆಗೆ ಹೋಗ್ಯಾನ್ರೀ, ಸೆಂಟ್ರಿಂಗ್ ಕೆಲಸಕ್ಕ. ಎಂಟು ತಿಂಗಳಾತು. 40 ರೂಪಾಯಿ ಬಾಕಿ ಅದ, ಇರ್ಲಿ ಬಿಡ್ರೀ."

"ಹಂಗಾದ್ರ ಊರಾಗಿಲ್ಲ," ಅಂದರು ಕಾರ್ಯದರ್ಶಿಗಳು. ಸಮಾಧಾನದಿಂದ ಆ ಹೆಸರು ಬಿಟ್ಟು ಮುಂದಿನದನ್ನು ಬರೆದುಕೊಂಡರು.