ಹನ್ನೆರಡಕ್ಕೆ ಹನ್ನೊಂದು

ತಪ್ಪು ನನ್ನದೇ. ಗೆಳೆಯರ ಗುಂಪಿನಲ್ಲಿ ಬಿಯರ್ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡು ಕೂತಿರಬೇಕಿತ್ತು. ಕೂರಲಿಲ್ಲ. "ಸ್ಟೌಟ್ ಕುಡಿಯೋಕೆ ನಾಲಿಗೆ ಸಾಲದು ಕಣ್ರೋ, ಮೂಗು ಬೇಕು" ಅಂದುಬಿಟ್ಟೆ. ಸ್ಟೌಟ್ ಅಂದರೆ ಕರ್ರಗೆ ಹುರಿದ ಬಾರ್ಲಿ ಹಾಕಿ ಮಾಡುವ ಕಪ್ಪು ಬಿಯರ್. ನಾನಂದ ಆ ಮಾತನ್ನು ಎಲ್ಲಿ ಓದಿದ್ದೆನೋ ನೆನಪಿಲ್ಲ. ಹೇಳಿದ ಧಾಟಿ ಮಾತ್ರ ಮೂರು ತಲೆಮಾರಿನಿಂದ ಬಾರ್ಲಿ ಹುರಿದುಕೊಂಡು ಬಂದ ಮನೆತನದವನ ಹಾಗಿತ್ತು.

ಆಡಿದ ಮಾತಿಗೆ ಬಡ್ಡಿ ಸೇರಿ ವಾಪಸ್ ಬಂತು. ಒಂದು ತಿಂಗಳಾದ ಮೇಲೆ ಅವರಲ್ಲೊಬ್ಬ ಎರಡು ಬಾಟಲಿ ಹಿಡಿದು ಮನೆಗೇ ಬಂದ. ಓಟ್‌ಮೀಲ್ ಸ್ಟೌಟ್. "ನಿನಗೆ ಮೂಗಿದೆಯಲ್ಲ, ನೋಡಿ ಹೇಳು. ನೀನು ಹೂಂ ಅಂದ್ರೆ ಒಂದು ಕೇಸ್ ತರಿಸ್ತೀನಿ. ಬರೀ ಚೆನ್ನಾಗಿದೆ ಅಂತ ಹೇಳಿ ಕೈ ತೊಳ್ಕೋಬೇಡ, ವಿವರವಾಗಿ ಬರೆದು ಕಳಿಸು" ಅಂತ ಹೇಳಿ, ನೀರೂ ಕುಡಿಯದೆ ಹೊರಟುಹೋದ.

ಪರೀಕ್ಷೆ ಅಂದಮೇಲೆ ಓದಬೇಕಲ್ಲ, ಓದಿದೆ. ಬಿಯರ್‌ಗೆ ಅಂಕ ಹಾಕುವುದಕ್ಕೂ ಒಂದು ಕ್ರಮ ಇದೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆಯವರು ಮಾಡಿದ್ದು. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗೆ ಸಿಗುತ್ತದೆ ಅನ್ನುವುದಕ್ಕೆ 5, ಒಟ್ಟಾರೆ ಮೆಚ್ಚುಗೆಗೆ 10. ಅಂದಚಂದಕ್ಕೆ 50ರಲ್ಲಿ ಬರೀ 3 ಅಂತ ನೋಡಿದ ಕೂಡಲೇ ನನಗೆ ಆ ಸಂಸ್ಥೆಯ ಮೇಲೆ ವಿಶ್ವಾಸ ಹುಟ್ಟಿತು. ನನ್ನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರಬೇಕು.

ಇನ್ನು ಆ ಬಿಯರಿಗೆ ಹಾಕಿದ್ದ ಓಟ್ಸ್. ನನಗೆ ಗೊತ್ತಿದ್ದ ಹಾಗೆ ಅದು ಕೊಲೆಸ್ಟರಾಲ್ ರಿಪೋರ್ಟ್ ನೋಡಿದ ಡಾಕ್ಟರು ಒಂದು ಸಲ ನಿಟ್ಟುಸಿರು ಬಿಟ್ಟು ಆಮೇಲೆ ಹೇಳುವ ಪದಾರ್ಥ. ಅದನ್ನು ಬಿಯರ್‌ಗೆ ಯಾಕೆ ಹಾಕಿದರು? ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಸ್ಟೌಟ್ ಅಂದರೆ ಅರ್ಧ ಟಾನಿಕ್. ಕಾಯಿಲೆ ಬಿದ್ದು ಎದ್ದವರಿಗೆ, ಬಾಣಂತಿಯರಿಗೆ ಶಕ್ತಿ ಬರುತ್ತದೆ ಅಂತ ಮಾರುತ್ತಿದ್ದರು. ಹಾಗಾದರೆ ಅದಕ್ಕೇ ಒಂದಿಷ್ಟು ಗಂಜಿ ಧಾನ್ಯವನ್ನೂ ಹಾಕಿಬಿಟ್ಟರೆ? ಸ್ಕಾಟ್ಲೆಂಡಿನ ಅಲೋವಾದಲ್ಲಿದ್ದ ಮೆಕ್ಲೇ ಬ್ರೂವರಿ 1895ರಲ್ಲಿ ಓಟ್ಸ್ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಓಟ್ಸ್, ಹಾಕಿ ಸ್ಟೌಟ್ ಮಾಡಿತು. ಇದೇ ಟಾನಿಕ್ ವಂಶದ ಇನ್ನೊಂದು ಕುಡಿ ಮಿಲ್ಕ್ ಸ್ಟೌಟ್. ಅದರಲ್ಲಿ ಹಾಲು ಇರುವುದಿಲ್ಲ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುತ್ತದೆ. ಯೀಸ್ಟ್‌ಗೆ ಅದನ್ನು ತಿನ್ನಲು ಬರುವುದಿಲ್ಲ, ಹಾಗಾಗಿ ಸಿಹಿ ಹಾಗೇ ಉಳಿಯುತ್ತದೆ.

ನನಗೆ ತುಂಬ ಹಿಡಿಸಿದ್ದು 1936ರ ಒಂದು ಸಂಗತಿ. ಲಂಡನ್ನಿನ ಬಾರ್ಕ್ಲೇ ಪರ್ಕಿನ್ಸ್ ಬ್ರೂವರಿಯ ಓಟ್‌ಮೀಲ್ ಸ್ಟೌಟಿನಲ್ಲಿ ಇದ್ದ ಓಟ್ಸ್ ಶೇಕಡಾ 0.5 ಮಾತ್ರ. ಅದೂ ಹೋಗಲಿ, ಅವರ ಮಾಮೂಲಿ ಸ್ಟೌಟನ್ನೂ ಪೋರ್ಟರ್ ಅನ್ನುವ ಇನ್ನೊಂದು ಕಪ್ಪು ಬಿಯರನ್ನೂ ಅದೇ ಕಾಳಿನಿಂದ, ಒಟ್ಟಿಗೇ ತೆಗೆಯುತ್ತಿದ್ದರು. ಅಂದರೆ ಓಟ್ಸ್ ಹೆಸರು ಇಲ್ಲದ ಬಿಯರಿನಲ್ಲೂ ಅಷ್ಟೇ ಓಟ್ಸ್. ವ್ಯತ್ಯಾಸ ಇದ್ದದ್ದು ಲೇಬಲ್ಲಿನಲ್ಲಿ. ಆಮೇಲೆ ಈ ಜಾತಿಯ ಬಿಯರೇ ಕಾಣೆಯಾಗಿ, 1980ರಲ್ಲಿ ಯಾರ್ಕ್‌ಶೈರಿನ ಟ್ಯಾಡ್ಕಾಸ್ಟರ್ ಊರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರು ಅದಕ್ಕೆ ಮತ್ತೆ ಜೀವ ಕೊಟ್ಟರು. ಈಗ ಸಾಮಾನ್ಯವಾಗಿ ಶೇಕಡಾ 5ರಿಂದ 20ರಷ್ಟು ಓಟ್ಸ್ ಹಾಕುತ್ತಾರೆ. ಜಾಸ್ತಿ ಹಾಕಿದರೆ ಕಾಳಿನ ಹಿಟ್ಟು ಅಂಟಾಗಿ, ಸೋಸಲು ಹೋದರೆ ಇಳಿಯುವುದೇ ಇಲ್ಲ.

ಇಷ್ಟೆಲ್ಲ ತಲೆಗೆ ತುಂಬಿಕೊಂಡು ಒಂದು ಸಂಜೆ ಮೇಜಿನ ಮುಂದೆ ಕೂತೆ. ಗೆರೆ ಎಳೆದ ಹಾಳೆ, ಚೂಪು ಮಾಡಿದ ಪೆನ್ಸಿಲ್, ಉದ್ದನೆ ಗ್ಲಾಸ್. ಬಣ್ಣ ಸರಿಯಾಗಿ ಕಾಣಲಿ ಅಂತ ಹಿನ್ನೆಲೆಗೆ ಬಿಳಿ ಬೇಕಂತೆ. ನಾನೇ ಬಿಳಿ ಶರ್ಟ್ ಹಾಕಿಕೊಂಡೆ. ಹೆಂಡತಿ ಮಗಳನ್ನು ಡ್ರಾಯಿಂಗ್ ಕ್ಲಾಸಿನಿಂದ ಕರೆತರಲು ಹೊರಟವಳು ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಹೂಂ ಅಂದೆ.

ಬಾಟಲಿಗಳಲ್ಲಿ ಒಂದನ್ನು ಫ್ರಿಜ್ಜಿನಲ್ಲಿಟ್ಟಿದ್ದೆ. ಇನ್ನೊಂದನ್ನು ಬೇಗ ತಣ್ಣಗಾಗಲಿ ಅಂತ ಹತ್ತು ನಿಮಿಷಕ್ಕೆಂದು ಫ್ರೀಜರಿಗೆ ಹಾಕಿ, ಒಂದು ಗಂಟೆ ಮರೆತಿದ್ದೆ. ಮೊದಲು ಕೈಗೆ ಬಂದದ್ದು ಅದೇ. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಗ್ಲಾಸಿಗೆ ಬಗ್ಗಿಸಿದೆ. ಕಪ್ಪಗೆ, ಸದ್ದಿಲ್ಲದೆ ಇಳಿಯಿತು. ಮೇಲೆ ಒಂದು ಬೆರಳಿನಷ್ಟು ನೊರೆ ಎದ್ದಿತು, ನಾನು ಪೆನ್ಸಿಲ್ ಎತ್ತಿಕೊಳ್ಳುವಷ್ಟರಲ್ಲಿ ಮಾಯವಾಯಿತು.

ಮೂಗಿಟ್ಟೆ. ಏನೂ ಇಲ್ಲ. ಮತ್ತೆ ಇಟ್ಟೆ. ಚಳಿ ಬಿಟ್ಟರೆ ಬೇರೆ ವಾಸನೆ ಇಲ್ಲ. ಸ್ಟೌಟನ್ನು 10ರಿಂದ 13 ಡಿಗ್ರಿ ಹತ್ತಿರ ಕುಡಿಯಬೇಕು, ಅದಕ್ಕಿಂತ ತೀರಾ ತಣ್ಣಗಿದ್ದರೆ ವಾಸನೆ ಮೇಲೇಳುವುದಿಲ್ಲ ಅಂತ ಓದಿದ್ದು ನೆನಪಾಯಿತು. ಈಗ ಎಷ್ಟು ಡಿಗ್ರಿ ಇದೆ? ಮನೆಯಲ್ಲಿ ಇದ್ದದ್ದು ಜ್ವರ ನೋಡುವ ಥರ್ಮಾಮೀಟರ್. ಅದನ್ನೇ ತಂದು ಗ್ಲಾಸಿನಲ್ಲಿ ಇಳಿಬಿಟ್ಟೆ. ಪುಟ್ಟ ಪರದೆಯ ಮೇಲೆ ಎರಡೇ ಅಕ್ಷರ ಬಂತು: ಲೋ. ಅದು 32 ಡಿಗ್ರಿಗಿಂತ ಕೆಳಗಿನದನ್ನು ಅಳೆಯುವುದಿಲ್ಲ, ಕಡಿಮೆ ಇದೆ ಅಂತ ಅದರ ಭಾಷೆಯಲ್ಲಿ ಹೇಳುತ್ತಿದೆ ಅಂತ ನನಗೂ ಗೊತ್ತು. ಆದರೂ ಮನೆಯ ಥರ್ಮಾಮೀಟರ್ ಕೂಡ ನನ್ನನ್ನು ಏಕವಚನದಲ್ಲಿ ಕರೆದಾಗ ಸ್ವಲ್ಪ ಬೇಜಾರಾಯಿತು.

ಬಿಯರ್ ಬೆಚ್ಚಗಾಗುವವರೆಗೆ ನೋಟದ 3 ಅಂಕ ಮುಗಿಸೋಣ ಅಂದುಕೊಂಡೆ. ಬಿಯರಿನ ಬಣ್ಣಕ್ಕೆ ಒಂದು ಅಳತೆ ಇದೆ. ಓಟ್‌ಮೀಲ್ ಸ್ಟೌಟ್ ಅದರಲ್ಲಿ 22ರಿಂದ 40ರ ಒಳಗೆ ಇರಬೇಕು, ಅಂದರೆ ಕಂದಿನಿಂದ ಕಪ್ಪಿನವರೆಗೆ. ಈ ಕಪ್ಪಿಗೆ 1817ರಲ್ಲಿ ಡೇನಿಯಲ್ ವೀಲರ್ ಅನ್ನುವವನು ಪೇಟೆಂಟ್ ಪಡೆದ ಹುರಿಯುವ ಡ್ರಮ್ಮೇ ದಾರಿ ಮಾಡಿದ್ದು. ಮಾಲ್ಟನ್ನು ಬೆಂಕಿ ಹತ್ತದ ಹಾಗೆ ಕರ್ರಗೆ ಹುರಿಯುವುದು ಅದರಿಂದ ಸಾಧ್ಯವಾಯಿತು, ಒಂದು ಹಿಡಿ ಹಾಕಿದರೆ ಇಡೀ ಹಂಡೆ ಕಪ್ಪು. ಆದರೆ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು ಇಣುಕುತ್ತದಂತೆ. ಆ ಕೆಂಪನ್ನು ನೋಡಲೇಬೇಕು ಅನ್ನಿಸಿತು. ಗ್ಲಾಸನ್ನು ತಲೆಯ ಮೇಲೆ ಎತ್ತಿ, ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಾಕಿ, ಸ್ವಲ್ಪ ಓರೆ ಮಾಡಿದೆ. ಕೆಂಪು ಕಾಣಿಸಿತು. ಇನ್ನೂ ಸ್ವಲ್ಪ ಓರೆ ಮಾಡಿದೆ.

ಬಿಳಿ ಶರ್ಟಿನ ಮೇಲೆ ಅದು ಕೆಂಪಲ್ಲ, ಕಂದು. ಹಾಳೆಯ ಮೇಲೆ ಬಿದ್ದದ್ದೂ ಕಂದು. ಇಷ್ಟು ಖಚಿತವಾಗಿ ಬಣ್ಣ ಪರೀಕ್ಷೆ ಮಾಡಿದ ತೀರ್ಪುಗಾರ ಇನ್ನೊಬ್ಬ ಇರಲಾರ.

ಉಳಿದ ಅರ್ಧ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಾ ಕೂತೆ. ಐದು ನಿಮಿಷಕ್ಕೆ ಮೂಗಿಗೆ ಏನೋ ತಾಗಿತು. ಹುಳಿ ಹುಳಿ, ತಾಜಾ. ನಿಂಬೆ! ಬಿಯರಿಗೆ ಕಹಿಗೆಂದು ಹಾಕುವ ಹಾಪ್ಸ್ ಹೂವಿನಲ್ಲಿ ನಿಂಬೆ ಜಾತಿಯ ಘಮ ಇರುವುದುಂಟು. "ನಾಜೂಕಾದ ನಿಂಬೆಯ ಛಾಯೆ" ಅಂತ ತೊಯ್ದ ಹಾಳೆಯ ಮೇಲೇ ಬರೆದೆ. ಬರೆದ ಮೇಲೆ ಗ್ಲಾಸಿನ ಹೊರಮೈ ಮೂಸಿದೆ. ಅಲ್ಲೂ ನಿಂಬೆ. ಬೆರಳು ಮೂಸಿದೆ. ಅಲ್ಲೂ. ಸಿಂಕಿನ ಪಕ್ಕದ ಪಾತ್ರೆ ತೊಳೆಯುವ ಲಿಕ್ವಿಡ್ ಬಾಟಲಿ ಮೇಲೆ ಎರಡು ದೊಡ್ಡ ನಿಂಬೆಹಣ್ಣಿನ ಚಿತ್ರ ನನ್ನನ್ನೇ ನೋಡುತ್ತಿತ್ತು. ನೊರೆ ಅಷ್ಟು ಬೇಗ ಸತ್ತದ್ದೂ ಅದರಿಂದಲೇ. ಗ್ಲಾಸಿನಲ್ಲಿ ಸೋಪಿನ ಪಸೆ ಇದ್ದರೆ ಬಿಯರಿನ ನೊರೆ ನಿಲ್ಲುವುದಿಲ್ಲ. ನಿಂಬೆಯನ್ನು ಹೊಡೆದುಹಾಕಿದೆ.

ಆಮೇಲೆ ಬಂತು ನೋಡಿ, ನಿಜವಾದ ಘಮ. ಮೊದಲು ಮೆಲ್ಲಗೆ, ಆಮೇಲೆ ಅಲೆ ಅಲೆಯಾಗಿ. ಹುರಿದದ್ದು. ಅದರ ಹಿಂದೆ ಕೆನೆ. ಅದರ ಹಿಂದೆ ಸಕ್ಕರೆ ಕಂದಿದ ಹಾಗೆ ಸಿಹಿ. ನನ್ನ ಮೈ ಜುಮ್ಮೆಂದಿತು. ಯಾಕೆಂದರೆ ಆ ಸಂಸ್ಥೆಯ ನಿಯಮದಲ್ಲೇ ಇದೆ: ಓಟ್‌ಮೀಲ್ ಸ್ಟೌಟಿನ ವಾಸನೆ ಕೆನೆ ಹಾಕಿದ ಕಾಫಿಯನ್ನು ನೆನಪಿಸಬಹುದು ಅಂತ. ಕಾಫಿ ಎಲ್ಲರಿಗೂ ಸಿಗುತ್ತದೆ. ಕೆನೆ ಸಿಗಬೇಕಾದರೆ ಮೂಗು ಬೇಕು. ಕಣ್ಣು ಮುಚ್ಚಿ ಇನ್ನೊಂದು ಸಲ ಎಳೆದುಕೊಂಡೆ. ಗ್ಲಾಸು ಮೇಜಿನ ಮೇಲಿದ್ದಾಗಲೂ ಬರುತ್ತಿತ್ತು, ಅಷ್ಟು ಗಾಢ. ವಾಸನೆಗೆ 12ಕ್ಕೆ 11 ಹಾಕಿದೆ. ಆ ಒಂದು ಅಂಕವನ್ನೂ ದೃಷ್ಟಿಯಾಗದಿರಲಿ ಅಂತ ಹಿಡಿದದ್ದು.

ಬಾಗಿಲು ತೆರೆಯಿತು. "ರೀ, ಏನಿದು ವಾಸನೆ!"

"ಬಾಗಿಲಿಗೇ ಬಂತಾ?" ನನ್ನ ಹೆಮ್ಮೆಗೆ ಪಾರವಿಲ್ಲ. "ಕೆನೆ ಹಾಕಿದ ಕಾಫಿ ಥರ ಇಲ್ವಾ?"

"ಕಾಫಿನೂ ಇಲ್ಲ, ಕೆನೆನೂ ಇಲ್ಲ! ಹಾಲು ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ದೆನಲ್ಲ, ಹೂಂ ಅಂದ್ರಲ್ಲ!"

ಅಡುಗೆಮನೆಯಲ್ಲಿ ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ಉಳಿದದ್ದು ತಳ ಹತ್ತಿ ಕರಕಲಾಗಿತ್ತು. ಹೊಗೆ ಇನ್ನೂ ಆಡುತ್ತಿತ್ತು. 12ಕ್ಕೆ 11 ಬಂದದ್ದು ಆ ಪಾತ್ರೆಗೆ.

"ಅಮ್ಮಾ, ನನ್ನ ಜ್ವರದ ಕಡ್ಡಿ ಅಪ್ಪನ ಗ್ಲಾಸ್ ಹತ್ರ ಇದೆ" ಅಂತ ಮಗಳು ಆ ಕಡೆಯಿಂದ ಕೂಗಿದಳು. ಮಕ್ಕಳಿಗೆ ಸಮಯಪ್ರಜ್ಞೆ ಜಾಸ್ತಿ.

ಒಂದು ಗಂಟೆ ಕಾಲ ಆದ ಮಾತುಕತೆಯನ್ನು ಬಿಟ್ಟುಬಿಡೋಣ. ಒಲೆ ಒರೆಸಿದೆ. ಕಿಟಕಿಗಳನ್ನೆಲ್ಲ ತೆರೆದೆ. ಪಾತ್ರೆಗೆ ನೀರು ತುಂಬಿ ನೆನೆಯಲು ಬಿಟ್ಟೆ. ಹೊಗೆಯೆಲ್ಲ ಹೋದ ಮೇಲೆ, ಈ ಗಡಿಬಿಡಿಗೆ ಮುಂಚೆಯೇ ಫ್ರಿಜ್ಜಿನಿಂದ ತೆಗೆದಿಟ್ಟಿದ್ದ ಎರಡನೇ ಬಾಟಲಿ ಕಣ್ಣಿಗೆ ಬಿತ್ತು. ಮೈಮೇಲೆ ಬೆವರು ಒಡೆದು, ಒಣಗಿ, ಹದವಾಗಿ ಕೂತಿತ್ತು. ಬೇರೆ ಗ್ಲಾಸ್ ತೆಗೆದು ಮೂರು ಸಲ ಬರೀ ನೀರಿನಲ್ಲಿ ತೊಳೆದೆ. ಓರೆಯಾಗಿ ಹಿಡಿದು ನಿಧಾನ ಬಗ್ಗಿಸಿದೆ. ಈ ಸಲ ನೊರೆ ದಪ್ಪಗೆ ಎದ್ದು, ಕಾಫಿ ಬಣ್ಣದಲ್ಲಿ, ಎದ್ದ ಜಾಗದಲ್ಲೇ ನಿಂತಿತು.

ಸಿಂಕಿಗೆ ಒರಗಿ ನಿಂತೇ ಒಂದು ಗುಟುಕು ಕುಡಿದೆ. ಘಮ ಇತ್ತು, ಆದರೆ ಕೂಗುತ್ತಿರಲಿಲ್ಲ. ಬ್ರೆಡ್ಡಿನ ಕಂದು ಅಂಚು, ಸ್ವಲ್ಪ ಕೋಕೋ. ನಾಲಿಗೆಗೆ ಮೊದಲು ತೆಳ್ಳಗೆ ಸಿಹಿ, ಅದರ ಬೆನ್ನಿಗೇ ಹುರಿದ ಬಾರ್ಲಿಯ ಕಹಿ. ಆ ಕಹಿ ಗಂಟಲು ಒಣಗಿಸುವ ಒಗರಾಗಿ ತಿರುಗುತ್ತದೆ ಅಂತ ನಾನು ಕಾಯುತ್ತಿದ್ದೆ. ತಿರುಗಲಿಲ್ಲ. ಯಾರೋ ಉಪ್ಪುಕಾಗದ ಹಾಕಿ ಉಜ್ಜಿಟ್ಟ ಹಾಗೆ ನುಣ್ಣಗೆ ಜಾರಿಹೋಯಿತು. ನೀರಿನಷ್ಟು ತೆಳುವಲ್ಲ, ಪಾಕದಷ್ಟು ದಪ್ಪವೂ ಅಲ್ಲ. ಓಟ್ಸ್ ರುಚಿ ಎಲ್ಲಿ ಅಂತ ಹುಡುಕಿದೆ, ಸಿಗಲಿಲ್ಲ. ಆಮೇಲೆ ಹೊಳೆಯಿತು. ಆ ನುಣುಪೇ ಓಟ್ಸ್. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಬಿಯರಿಗೆ ಆ ಮೈ ಕೊಡುತ್ತದೆ. ಡಾಕ್ಟರು ನಿಟ್ಟುಸಿರು ಬಿಟ್ಟು ಹೇಳುವುದೂ ಇದೇ ನಾರಿನ ವಿಷಯ. ಅವರು ಈ ರೂಪದಲ್ಲಿ ಹೇಳಿರಲಿಲ್ಲ, ಅಷ್ಟೇ.

ಅಂದರೆ ಇಡೀ ಬಿಯರಿಗೆ ಹೆಸರು ತಂದುಕೊಟ್ಟ ಧಾನ್ಯ ನನ್ನ ಮೂಗಿಗೆ ಸಿಗಲಿಲ್ಲ, ಕಣ್ಣಿಗೆ ಕಾಣಲಿಲ್ಲ. ಅದು ಮೈ ತೋರಿಸಿದ್ದು 50ರಲ್ಲಿ ಬಾಯಿಗೆಂದು ಇಟ್ಟ ಆ 5 ಅಂಕದ ಜಾಗದಲ್ಲಿ. ನಾನು ಗೆಳೆಯರ ಮುಂದೆ ಮೂಗಿನ ಬಗ್ಗೆ ಭಾಷಣ ಮಾಡಿದ್ದೆ.

ಹೊಸ ಹಾಳೆಯಲ್ಲಿ ನೀಟಾಗಿ ಬರೆದೆ. ವಾಸನೆ 9, ನೋಟ 3, ರುಚಿ 15, ಬಾಯಿಗೆ ಪೂರ್ತಿ 5, ಒಟ್ಟಾರೆ 8. ಕೂಡಿದರೆ 40. ಅವರ ಲೆಕ್ಕದಲ್ಲಿ 38 ದಾಟಿದರೆ ಉತ್ಕೃಷ್ಟ. ಕೆಳಗೆ ಸಹಿ ಕೂಡ ಹಾಕಿದೆ. ಆಮೇಲೆ ಪಾತ್ರೆ ಉಜ್ಜಲು ನಿಂತೆ. ಸೀದ ಹಾಲಿನ ತಳ ಉಜ್ಜಿದವರಿಗೇ ಗೊತ್ತು ಅದರ ಕಷ್ಟ. ಎರಡೂ ಕೈ ನೊರೆಯಲ್ಲಿದ್ದವು, ನಿಂಬೆ ನೊರೆ. "ಪುಟ್ಟಾ, ಮೇಜಿನ ಮೇಲೆ ಹಾಳೆ ಇದೆ ನೋಡು, ಫೋಟೊ ತೆಗೆದು ಅಂಕಲ್‌ಗೆ ಕಳಿಸಿಬಿಡು" ಅಂತ ಮಗಳಿಗೆ ಹೇಳಿದೆ. ಕಳಿಸಿದಳು.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಈ ಮಧ್ಯೆ ಹೆಂಡತಿ ನಾಳೆ ತರಬೇಕಾದ ಸಾಮಾನಿನ ಪಟ್ಟಿಯನ್ನು ಅದೇ ಹಾಳೆಯ ಹಿಂಬದಿಗೆ ಬರೆದು, ಆ ಬದಿ ಮೇಲೆ ಮಾಡಿ ಇಟ್ಟಿದ್ದಳು.

ಮೊಬೈಲ್ ಟಿಣ್ ಅಂದಿತು. ಮಗಳು ಓದಿ ಹೇಳಿದಳು. "ಹಾಲು ಅಂತ ಬರೆದಿದ್ದೀಯ. ಅದು ಮಿಲ್ಕ್ ಸ್ಟೌಟ್ ಅಲ್ಲ ಕಣೋ, ಓಟ್‌ಮೀಲ್ ಸ್ಟೌಟ್."

ಟಿಣ್. "ಸ್ಟೀಲ್ ನಾರು ಅಂದ್ರೆ? ಲೋಹದ ರುಚಿ ಬರ್ತಿದೆಯಾ?"

ಟಿಣ್. "ಕಲೆ ತೆಗೆಯೋ ಸೋಪಾ? ಅಷ್ಟು ಕೆಟ್ಟದಾಗಿದೆಯಾ?"

ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಟಿಣ್. "ಥರ್ಮಾಮೀಟರ್ ಯಾಕೋ? ಕುಡಿದ ಮೇಲೆ ಜ್ವರ ಬಂತಾ?"

ನಾನು ಕೈ ತೊಳೆದು, ಒರೆಸಿಕೊಂಡು, ಮೊಬೈಲ್ ಕಿತ್ತುಕೊಳ್ಳುವಷ್ಟರಲ್ಲಿ ಕೊನೆಯದೂ ಬಂದಿತ್ತು. "ಥ್ಯಾಂಕ್ಸ್ ಕಣೋ, ಒಳ್ಳೇ ಹೊತ್ತಿಗೆ ಹೇಳ್ದೆ. ಕೇಸ್ ಬೇಡ ಅಂದುಬಿಟ್ಟೆ. ಎರಡನೇ ಬಾಟಲಿ ಮುಟ್ಟಬೇಡ, ವಾಪಸ್ ಕೊಡೋಣ."

ಸಿಂಕಿನ ಪಕ್ಕದಲ್ಲಿದ್ದ ಬಾಟಲಿ ಎತ್ತಿ ನೋಡಿದೆ. ತಳದಲ್ಲಿ ಎರಡು ಬೆರಳಿನಷ್ಟು ಉಳಿದಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ 13 ಡಿಗ್ರಿ ಆಗಿರಬೇಕು ಅನ್ನಿಸಿತು.