ಅದು ‘ಯಾವುದೋ ಕಾಡು ಹೂವು’ ಅಲ್ಲ, ಮುತ್ತುಗ

ಬೆಳಿಗ್ಗೆ ತುಮಕೂರಿನ ಹತ್ತಿರದ ದೇವರಾಯನದುರ್ಗಕ್ಕೆ ಹೋಗಿ ಬಂದವನಿಗೆ ಸಂಜೆಯಾದರೂ ಮನಸ್ಸು ತಿಳಿಯಾಗಿಲ್ಲ. ನಾಮದ ಚಿಲುಮೆಯ ದಾರಿಯಲ್ಲಿ ಒಂದು ಮುತ್ತುಗದ ಮರ, ಹೆಸರಿಗೂ ಎಲೆಯಿಲ್ಲದೆ, ಮೈತುಂಬ ಹೂ ಹೊತ್ತು ನಿಂತಿತ್ತು. ಅದರ ಕೆಳಗೆ ಒಂದು ಕಾರು ಬಂದು ನಿಂತಿತು. ಆರೇಳು ವರ್ಷದ ಹುಡುಗಿಯೊಬ್ಬಳು ಇಳಿದು, ಉದುರಿದ ಹೂವೊಂದನ್ನು ಅಂಗೈಯಲ್ಲಿಟ್ಟುಕೊಂಡು, ‘ಅಪ್ಪಾ, ಇದು ಯಾವ ಹೂವು?’ ಎಂದು ಕೇಳಿದಳು. ಅಪ್ಪ ಮೊಬೈಲಿನಿಂದ ಕಣ್ಣೆತ್ತದೆ, ‘ಯಾವುದೋ ಕಾಡು ಹೂವು, ಬಿಸಾಕು’ ಎಂದರು. ಹುಡುಗಿ ಬಿಸಾಕಲಿಲ್ಲ. ಬಗ್ಗಿ, ಎತ್ತಿಕೊಂಡ ಜಾಗದಲ್ಲೇ ಮೆಲ್ಲಗೆ ಇಟ್ಟು ಹೋದಳು.

ಯಾವುದೋ ಕಾಡು ಹೂವು! ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದರೆ ಹಾಗೆನ್ನಲು ಬಾಯಿ ಬರುತ್ತಿತ್ತೇ? ಬುಡದಲ್ಲಿ ಮಖಮಲ್ಲಿನಂಥ ಕಪ್ಪು ಬಟ್ಟಲು, ಅದರಿಂದ ಹೊರಬಂದ ಕೆಂಡದ ಬಣ್ಣದ ಎಸಳು, ಎಸಳಿನ ಮೇಲೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಬೆಳ್ಳಿಯ ನವಿರು. ತುದಿ ಬಾಗಿ ಥೇಟ್ ಗಿಳಿಯ ಕೊಕ್ಕು. ಸಂಸ್ಕೃತದವರು ಅದಕ್ಕೇ ಕಿಂಶುಕ ಎಂದರು, ‘ಇದೇನು ಗಿಳಿಯೇ?’ ಎಂದು. ಪರಿಮಳವಿಲ್ಲ, ಮಕರಂದವಿದೆ. ಸೂರಕ್ಕಿಗಳೂ ಮೈನಾಗಳೂ ಬೆಳಿಗ್ಗೆ ಆ ಮರವನ್ನು ಮುತ್ತುವುದು ಅದಕ್ಕಾಗಿಯೇ. ಹೂವನ್ನು ನೀರಿನಲ್ಲಿ ನೆನೆಸಿದರೆ ಹೋಳಿ ಹಬ್ಬಕ್ಕೆ ಬಣ್ಣ ಸಿಗುತ್ತದೆ. ಊಟದೆಲೆ ಹಚ್ಚುವುದು ಇದೇ ಮರದ ಎಲೆಯಿಂದ. ಒಂದು ಮಗುವಿಗೆ ಹೇಳಲು ಇಷ್ಟೆಲ್ಲ ಇದ್ದಾಗ ನಾವು ಆರಿಸಿಕೊಂಡ ಪದ ‘ಯಾವುದೋ’.

ನಾನು ಮೇಷ್ಟ್ರು. ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಹತ್ತಾರು ಜನ ನನ್ನನ್ನು ಕೇಳುತ್ತಾರೆ: ‘ಮಕ್ಕಳನ್ನು ಕರೆದುಕೊಂಡು ಹೂ ನೋಡಲು ಎಲ್ಲಿಗೆ ಹೋಗಬೇಕು ಸರ್?’ ಎಲ್ಲಿಗೆ ಎಂಬುದಕ್ಕಿಂತ ಯಾವಾಗ ಎಂಬುದು ಮುಖ್ಯ ಎಂದರೆ ಯಾರಿಗೂ ಬೇಡ. ನಮ್ಮ ಕಾಡಿನಲ್ಲಿ ವಸಂತದ ಹೂವು ಹೆಚ್ಚಾಗಿ ಅರಳುವುದು ನೆಲದಲ್ಲಲ್ಲ, ತಲೆಯ ಮೇಲೆ. ಅದು ಕೆಳಗೆ ಸಿಗುವುದು ಉದುರಿದ ಮೇಲೆ. ಫೆಬ್ರವರಿಯಲ್ಲಿ ಬೂರುಗದ ಕೆಳಗೆ ಸುಮ್ಮನೆ ನಿಂತುಕೊಳ್ಳಿ. ದಪ್ಪ ಎಸಳಿನ ಕೆಂಪು ಹೂ ತೊಪ್ಪನೆ ಬೀಳುವ ಸದ್ದು ಕೇಳಿ ಮಕ್ಕಳು ಬೆಚ್ಚುತ್ತಾರೆ, ಆಮೇಲೆ ಮುಂದಿನ ಸದ್ದಿಗಾಗಿ ಕಾಯುತ್ತಾರೆ. ಕಾಡಿನಲ್ಲಾದರೆ ಆ ಹೂವಿಗಾಗಿ ಜಿಂಕೆಗಳೂ ಬರುತ್ತವೆ. ಮಾರ್ಚ್ ಮುಗಿಯುವುದರೊಳಗೆ ಮುತ್ತುಗ. ಯುಗಾದಿಯ ಆಸುಪಾಸಿನಲ್ಲಿ ಬೇವು. ಏಪ್ರಿಲ್, ಮೇ ತಿಂಗಳಲ್ಲಿ ಹಳದಿ ಜಲ್ಲಿ ಬಿಟ್ಟ ಕಕ್ಕೆ. ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಮರಗಳ ಮೈಮೇಲೆ ನಸುಗೆಂಪು ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆ. ಅದನ್ನು ಬೇರುಸಹಿತ ಕಿತ್ತು ಮನೆಗೆ ಒಯ್ಯುವವರನ್ನು ಕಂಡರೆ ನನ್ನ ಸಿಟ್ಟು ನೆತ್ತಿಗೇರುತ್ತದೆ. ಮರದ ತೊಗಟೆಯನ್ನು ಅಪ್ಪಿಕೊಂಡು ಬದುಕುವ ಗಿಡ ಅದು, ಮಣ್ಣಿನ ಕುಂಡದಲ್ಲಿ ಹೂತರೆ ಕೊಳೆಯುತ್ತದೆ.

‘ಮಾರ್ಚಿನಲ್ಲಿ ಪರೀಕ್ಷೆ ಸರ್, ಮುಗಿದ ಮೇಲೆ ಹೋಗುತ್ತೇವೆ’ ಎನ್ನುತ್ತಾರೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಮುತ್ತುಗವೂ ಮುಗಿದಿರುತ್ತದೆ. ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದವನಾಗಿ ಹೇಳುತ್ತೇನೆ, ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಮರದ ಕೆಳಗೆ ಕಳೆದ ಕಾರಣಕ್ಕೆ ಅಂಕ ಕಳೆದುಕೊಂಡ ಒಂದು ಮಗುವನ್ನೂ ನಾನು ಕಂಡಿಲ್ಲ.

ಕಾಡಿನಲ್ಲಿ ಆನೆ ಇದೆ, ಅರಣ್ಯ ಇಲಾಖೆ ಬಿಡುವುದಿಲ್ಲ ಎಂಬ ಮಾತು ನಿಜ. ಬಂಡೀಪುರದ ರಸ್ತೆಯಲ್ಲಿ ಗಾಡಿಯಿಂದ ಇಳಿಯುವಂತಿಲ್ಲ, ಇಳಿಯಲೂಬಾರದು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಚಾರಣದ ದಾರಿಗಳನ್ನು ಮುಚ್ಚುವುದೂ ಸರಿಯೇ. ಆದರೆ ಹೂ ನೋಡಲು ಹುಲಿಯ ಕಾಡೇ ಏಕೆ ಬೇಕು? ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ. ಬೆಂಗಳೂರಿನವರಿಗೆ ಸಾವನದುರ್ಗದ ತಪ್ಪಲು ಒಂದೆರಡು ಗಂಟೆಯ ಹಾದಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಊರಿನವರನ್ನು ಕೇಳಿಕೊಂಡು, ಅವರ ಕಟ್ಟಳೆಗೆ ತಲೆಬಾಗಿ ಅಂಚಿನಲ್ಲಿ ನಿಂತರೂ ಸಾಕು. ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹೊಲದ ಬದುವಿನಲ್ಲೇ ಮುತ್ತುಗ ಇದೆ.

ಬೆಂಗಳೂರಿನಲ್ಲಿ ಗುಲಾಬಿ ಬಣ್ಣದ ಟಬೆಬುಯಾ ಅರಳಿದ ದಿನ ಎಲ್ಲರ ಫೇಸ್‌ಬುಕ್ ಗೋಡೆಯ ಮೇಲೂ ಅದರದೇ ಚಿತ್ರ. ಚೆಂದದ ಮರ, ನನಗೂ ಇಷ್ಟ. ಅದು ಅಮೆರಿಕ ಖಂಡದಿಂದ ಬಂದದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ನೆಂಟರ ಹೆಸರನ್ನು ಇಷ್ಟು ಅಕ್ಕರೆಯಿಂದ ಕಲಿತ ನಮಗೆ ಮನೆಯ ಮಕ್ಕಳ ಹೆಸರು ನಾಲಿಗೆಯ ಮೇಲೆ ಬರುವುದಿಲ್ಲ ಎಂಬುದೇ ನನ್ನ ಸಂಕಟ.

ಇಷ್ಟು ಬರೆದ ಮೇಲೆ ಇದನ್ನೂ ಹೇಳಲೇಬೇಕು. ಆ ಮಾತನ್ನು ನಾನೂ ಆಡಿದ್ದೇನೆ. ವರ್ಷಗಳ ಹಿಂದೆ ಶಿರಸಿಯ ಹತ್ತಿರದ ಒಂದು ಕಾನಿನಲ್ಲಿ, ಕೊಂಬೆಗೇ ಅಂಟಿಕೊಂಡಂತೆ ಬಿಳಿ ಹೂ ಬಿಟ್ಟ ಮರವೊಂದನ್ನು ತೋರಿಸಿ ಮಗಳು ಹೆಸರು ಕೇಳಿದಳು. ಸುತ್ತ ಘಮ ತುಂಬಿತ್ತು. ‘ಯಾವುದೋ ಕಾಡು ಹೂವು ಕಣೇ’ ಎಂದು ನಡೆದುಬಿಟ್ಟೆ. ಅದು ಸುರಗಿ. ಅಮ್ಮ ತನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದ ಒಣಗಿದ ದಂಡೆ ಅದೇ ಹೂವಿನದು. ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿದ್ದರೂ ಪರಿಮಳ ಬಿಟ್ಟಿರದ ಆ ದಂಡೆಯನ್ನು ಮೂಸುತ್ತಲೇ ಬೆಳೆದವನು ನಾನು. ಮರದ ಮೇಲೆ ಕಂಡಾಗ ಗುರುತು ಹಿಡಿಯಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಟ್ರಂಕು ತೆರೆದಾಗ ಮಗಳೇ ಹೇಳಿದಳು, ‘ಅಪ್ಪಾ, ಇದು ಆ ಕಾಡಿನ ವಾಸನೆ’ ಎಂದು.

ದೇವರಾಯನದುರ್ಗದ ಆ ಮರದಲ್ಲಿ ಇನ್ನೂ ಮೊಗ್ಗುಗಳಿವೆ, ಒಂದೆರಡು ವಾರಕ್ಕೆ ಮೋಸವಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿರುತ್ತೇನೆ. ಮಕ್ಕಳನ್ನು ಕರೆದುಕೊಂಡು ಬನ್ನಿ, ಕುಡಿಯಲು ನೀರು ತನ್ನಿ. ಕೊಂಬೆಗೆ ಕೈ ಹಾಕುವುದು ಬೇಡ, ನೆಲದ ಮೇಲೆ ಬೇಕಾದಷ್ಟು ಬಿದ್ದಿರುತ್ತದೆ.